ಸಂತೆಕಟ್ಟೆಯಿಂದ ಮಾಬುಕಳಕ್ಕೆ, ಒಂದೊಂದೇ ನಟ್ಟು ತಿರುಗಿಸುತ್ತಾ

ಮಂಗಳೂರಿನಿಂದ ಬೈಕಿನಲ್ಲಿ ಉಡುಪಿಗೆ ಬರುವಾಗ ಪಡುಬಿದ್ರಿ ದಾಟಿದ ಮೇಲೆ ನನ್ನ ಬಲಗೈ ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು. ಕಾಪು ಬರುವಷ್ಟರಲ್ಲಿ ಸೀಟಿನ ಮೇಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿದಾಡುವುದು ಶುರು. ಕಟಪಾಡಿ ಹತ್ತಿರ ಹೆಂಡತಿ ಹಿಂದಿನಿಂದ ಬೆನ್ನು ತಟ್ಟಿ, "ಅದೆಂತ ಕಟಕಟ ಶಬ್ದ?" ಎಂದು ಕೇಳುವಳು. ಇಷ್ಟಕ್ಕೂ ಅದು 55–60 ಕಿ.ಮೀ. ದಾರಿ. ಬೈಕು ತೆಗೆದುಕೊಂಡದ್ದು ಮಾತ್ರ ದೂರ ಹೋಗಲಿಕ್ಕೆ ಅಂತಲೇ. 400 ಸಿಸಿಯ ಒಂಟಿ ಸಿಲಿಂಡರ್, ಎರಡೂ ಕಡೆ ಪೆಟ್ಟಿಗೆ ಕಟ್ಟುವ ಕಂಬಿ, ಮುಂದೆ ಗಾಳಿಗೆ ಅಡ್ಡ ಒಂದು ಗ್ಲಾಸು. ಇಂಜಿನ್ ಯಾವತ್ತೂ ಕೈ ಕೊಟ್ಟದ್ದಿಲ್ಲ. ಕಿರಿಕಿರಿ ಎಲ್ಲ ಇಂಥ ಚಿಲ್ಲರೆ ವಿಷಯಗಳದ್ದೇ.

ಇದಕ್ಕೆ ಮದ್ದು ಅಂತ ಆನ್‌ಲೈನಿನಲ್ಲಿ ಸಿಗುವ ಸಾಮಾನಿಗೆ ಲೆಕ್ಕ ಇಲ್ಲ. ಜೆಲ್ ಸೀಟು, ಗಾಳಿ ತುಂಬುವ ಸೀಟು, ಹ್ಯಾಂಡಲ್ ಎತ್ತರಿಸುವ ರೈಸರ್, ಫೋಮ್ ಗ್ರಿಪ್. ಎಲ್ಲ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ಯಾವುದು ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಹೋಗುವ ಯೋಚನೆ ಇತ್ತು. ಅದಕ್ಕೆ ಮೊದಲು ಅಕ್ಟೋಬರಿನ ಎರಡನೇ ಶನಿವಾರವನ್ನು ಇದಕ್ಕೇ ಇಟ್ಟೆ. ನನಗೆ ಆಫೀಸಿಗೆ ರಜೆ, ಅಂಗಡಿಗಳು ಮಾತ್ರ ತೆರೆದಿರುತ್ತವೆ.

ಕ್ರಮ ಇಷ್ಟೇ: ಒಂದು ಬದಲಾವಣೆ, ಒಂದು ಸುತ್ತು. ಸಂತೆಕಟ್ಟೆಯ ಮನೆಯಿಂದ ಹೊರಟು, ಕಲ್ಯಾಣಪುರದಲ್ಲಿ ಸ್ವರ್ಣಾ ಹೊಳೆ ದಾಟಿ, ಬ್ರಹ್ಮಾವರದ ಆಚೆ ಸೀತಾ ಹೊಳೆಯ ಮಾಬುಕಳ ಸೇತುವೆ ಮುಗಿಸಿ ವಾಪಸ್. ಹೆದ್ದಾರಿಯ ವೇಗ ಸಿಗುತ್ತದೆ, ಪೇಟೆಯ ನಿಧಾನವೂ ಸಿಗುತ್ತದೆ. ಸೇತುವೆಯ ಜಾಯಿಂಟುಗಳ ಮೇಲೆ ಹೋದಾಗ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಹೇಗಿದೆ ಅಂತ ಸೊಂಟಕ್ಕೇ ತಿಳಿಯುತ್ತದೆ. ಆದರೆ ಗಾಳಿಯ ಪರೀಕ್ಷೆ ಬೆಳಿಗ್ಗೆಯೇ ಆಗಬೇಕು. ಹೊತ್ತು ಏರಿದ ಹಾಗೆ ಕಡಲ ಗಾಳಿ ಶುರುವಾಗಿ ಪಡುವಣದಿಂದ ಅಡ್ಡ ಬೀಸುತ್ತದೆ. ಆಗ ಗ್ಲಾಸಿನದ್ದು ಯಾವುದು, ಕಡಲಿನದ್ದು ಯಾವುದು ಅಂತ ಬೇರೆ ಮಾಡಲಿಕ್ಕೆ ಬರುವುದಿಲ್ಲ.

ಮೊದಲು ಗ್ಲಾಸನ್ನೇ ಹಿಡಿದೆ. 80 ದಾಟಿದರೆ ಹೆಲ್ಮೆಟ್ ಮೇಲೆ ಯಾರೋ ಚೆಂಡೆ ಬಾರಿಸಿದ ಹಾಗೆ ಆಗುತ್ತಿತ್ತು. ಖಾಲಿ ದಾರಿಯಲ್ಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಂತೆ. ತಲೆ ಗ್ಲಾಸಿನ ಮೇಲಿನ ನೇರ ಗಾಳಿಗೆ ಬಂದ ಕೂಡಲೇ ಬಡಿತ ನಿಂತಿತು. ಅಂದರೆ ತೊಂದರೆ ಗಾಳಿಯದ್ದಲ್ಲ, ಗ್ಲಾಸಿನ ಅಂಚಿನಲ್ಲಿ ಹುಟ್ಟುವ ಸುಳಿಯದ್ದು. ಗ್ಲಾಸಿನ ಹಿಂದೆ ಗಾಳಿ ಕಡಿಮೆ ಇರುತ್ತದೆ, ಮೇಲಿನ ಗಾಳಿ ಅಲ್ಲಿಗೆ ಸುತ್ತಿ ಬೀಳುತ್ತದೆ. ಸ್ಕ್ರೂಗಳ ಹಿಂದೆ ವಾಷರ್ ಕೊಟ್ಟು ಗ್ಲಾಸನ್ನು ಒಂದು ಬೆರಳಿನಷ್ಟು ಮುಂದೆ ತಂದು, ಕೆಳಗಿನಿಂದ ಗಾಳಿ ನುಗ್ಗಲು ಸಂದಿ ಬಿಟ್ಟೆ. ಬಡಿತ ಅರ್ಧ ಇಳಿಯಿತು. ಉಳಿದರ್ಧಕ್ಕೆ ಕಿವಿಗೆ ಫೋಮ್ ಪ್ಲಗ್. 100ರ ಹತ್ತಿರದ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಸದ್ದು 95 ಡೆಸಿಬೆಲ್ ದಾಟಬಹುದು. ಕಾರ್ಖಾನೆಯಲ್ಲಿ ಎಂಟು ಗಂಟೆ ಕೆಲಸ ಮಾಡುವವರಿಗೆ 85ಕ್ಕೇ ಎಚ್ಚರಿಕೆ ಕೊಡುತ್ತಾರೆ. ಕೆಲವೇ ರೂಪಾಯಿಯ ಈ ಪ್ಲಗ್ಗಿನಿಂದ ಸಿಕ್ಕಿದ ಸುಖ ದುಬಾರಿ ಸಾಮಾನು ಯಾವುದರಿಂದಲೂ ನನಗೆ ಸಿಕ್ಕಿಲ್ಲ. ಹಾರ್ನ್ ಕೇಳಿಸುತ್ತದೆ, ಗಾಳಿಯ ಗದ್ದಲ ಕೇಳಿಸುವುದಿಲ್ಲ.

ಇನ್ನು ಕೈಯ ಜೋಮು. ಕ್ಲಚ್, ಬ್ರೇಕ್ ಲಿವರುಗಳು ಶೋರೂಮಿನಿಂದ ಬಂದಾಗ ಹೇಗಿದ್ದವೋ ಹಾಗೇ ಇದ್ದವು, ನೆಲಕ್ಕೆ ಸಮವಾಗಿ. ಅದನ್ನು ಹಿಡಿಯಲು ಮಣಿಕಟ್ಟು ಮೇಲಕ್ಕೆ ಮಡಚಬೇಕು. ಬೈಕಿನ ಮೇಲೆ ಕೂತು ಕೈ ಚಾಚಿ, ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರುವ ಹಾಗೆ ಲಿವರನ್ನು ಕೆಳಗೆ ತಿರುಗಿಸಿದೆ. ಅಲೆನ್ ಕೀಯಲ್ಲಿ ಐದು ನಿಮಿಷದ ಕೆಲಸ. ಕ್ಲ್ಯಾಂಪನ್ನು ತೀರಾ ಬಿಗಿ ಮಾಡಬಾರದು, ಗಟ್ಟಿಯಾಗಿ ಒತ್ತಿದರೆ ತಿರುಗುವಷ್ಟು ಬಿಟ್ಟಿರಬೇಕು. ಬೈಕು ಬಿದ್ದರೆ ಲಿವರ್ ತಿರುಗಿಕೊಳ್ಳುತ್ತದೆ, ತುಂಡಾಗುವುದಿಲ್ಲ.

ನಡುಕಕ್ಕೆ ಬೇರೆ ಉಪಾಯ ಬೇಕಿತ್ತು. ಒಂಟಿ ಸಿಲಿಂಡರ್ ಅಂದ ಮೇಲೆ ಇಂಜಿನ್ ನಡುಗುವುದೇ. ಆದರೆ ಹ್ಯಾಂಡಲ್ ಪೈಪಿಗೂ ಅದರದ್ದೇ ಒಂದು ನಡುಕದ ಲಯ ಇರುತ್ತದೆ. ಇಂಜಿನ್ನಿನ ವೇಗ ಆ ಲಯಕ್ಕೆ ಕೂಡಿ ಬಂದಾಗ ಕೈಗೆ ಜುಂ ಅನ್ನುವುದು. ಪೈಪಿನ ತುದಿಗೆ ತೂಕ ಕೊಟ್ಟರೆ ಆ ಲಯ ಕೆಳಗೆ ಇಳಿಯುತ್ತದೆ. ಪರಿಚಯದ ಲೇತ್ ಅಂಗಡಿಯಲ್ಲಿ ಕಾಲು ಕಿಲೋ ಹತ್ತಿರದ ಎರಡು ಸ್ಟೀಲ್ ಗುಂಡು ಮಾಡಿಸಿ ಇಟ್ಟುಕೊಂಡಿದ್ದೆ. ಬರೀ ಕಬ್ಬಿಣ ಬೇಡ, ನಮ್ಮ ಉಪ್ಪು ಗಾಳಿಗೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಒಳಗೇ ಕಚ್ಚಿಕೊಳ್ಳುತ್ತದೆ. ಹಾಕಿ ಓಡಿಸಿದೆ. ನಡುಕ ಹೋಗಲಿಲ್ಲ, ಜಾಗ ಬದಲಿಸಿತು. 80ರಲ್ಲಿ ಬರುತ್ತಿದ್ದದ್ದು ಈಗ 60ರ ಆಸುಪಾಸು. ನಾನು ಹೆದ್ದಾರಿಯಲ್ಲಿ 60ರಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ, ಹಾಗಾಗಿ ಸಾಕು.

ಸೀಟಿಗೆ ಮಾತ್ರ ನನ್ನ ಸ್ಪ್ಯಾನರ್ ಸಾಲದು. ಬೀಗ ತೆಗೆದು ಸೀಟನ್ನು ಕಂಕುಳಲ್ಲಿ ಇಟ್ಟುಕೊಂಡು, ಅಣ್ಣನ ಮಗನ ಸ್ಕೂಟರಿನಲ್ಲಿ ಉಡುಪಿಯ ಒಂದು ಕುಶನ್ ವರ್ಕ್ಸ್‌ಗೆ ಹೋದೆ. ಅಂಗಡಿಯವರು ವಯಸ್ಸಾದವರು. ಬಾಯಲ್ಲಿ ಎಲೆ ಅಡಿಕೆ. ಸೀಟನ್ನು ಮೇಜಿನ ಮೇಲೆ ಮಗುಚಿ ಹಾಕಿ, ಸ್ಕ್ರೂ ಡ್ರೈವರಿನ ತುದಿಯಿಂದ ಸ್ಟೇಪಲ್ ಪಿನ್ನುಗಳನ್ನು ಪಟಪಟ ಎಬ್ಬಿಸಿದರು. ರೆಗ್ಜಿನ್ ಬಿಚ್ಚಿದಾಗ ಒದ್ದೆ ವಾಸನೆ ಬಂತು. ಫೋಮನ್ನು ಮುಷ್ಟಿಯಲ್ಲಿ ಹಿಂಡಿದರು, ನೀರು ಜಿನುಗಿತು. ಮಳೆ ನಿಂತ ಮೇಲೂ ಹೊಲಿಗೆಯ ತೂತಿನಿಂದ ಒಳಗೆ ಹೋದ ನೀರು ಅಲ್ಲೇ ಕೂತಿತ್ತು.

"ಮಾರ್ರೆ, ಇಷ್ಟು ಮೆತ್ತಗೆ ಇದ್ದರೆ ಅಂಗಡಿಯಲ್ಲಿ ಕೂತು ನೋಡ್ಲಿಕ್ಕೆ ಒಳ್ಳೇದು. ಶಿವಮೊಗ್ಗಕ್ಕೆ ಹೋಗ್ಲಿಕ್ಕೆ ಅಲ್ಲ," ಎಂದರು. ಹೆಬ್ಬೆರಳಿನಿಂದ ನಡುವಿಗೆ ಒತ್ತಿ ತೋರಿಸಿದರು. ಬೆರಳು ನೇರ ಕೆಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತಿತ್ತು. ಮೆತ್ತಗಿನ ಫೋಮ್ ಅರ್ಧ ಗಂಟೆಯಲ್ಲಿ ತಳ ಮುಟ್ಟುತ್ತದೆ. ಆಮೇಲೆ ನಾವು ಕೂರುವುದು ಎಲುಬಿನ ಮೇಲೆ, ಸೀಟಿನ ಮೇಲಲ್ಲ. ಜೊತೆಗೆ ಸೀಟು ಮುಂದಕ್ಕೆ ಇಳಿಜಾರು. ಬ್ರೇಕ್ ಹಾಕಿದಾಗೆಲ್ಲ ಟ್ಯಾಂಕಿನ ಕಡೆಗೆ ಜಾರಿ, ಮತ್ತೆ ಹಿಂದೆ ಸರಿದುಕೊಳ್ಳುವುದೇ ಒಂದು ಕೆಲಸ. ಹಿಂದೆ ಕೂತವರೂ ಜಾರಿ ಬಂದು ನಮ್ಮ ಬೆನ್ನಿಗೇ ಒರಗುತ್ತಾರೆ.

ಅವರು ನನ್ನನ್ನು ಬರೀ ಫೋಮಿನ ಮೇಲೆ ಕೂರಿಸಿ, ಎರಡೂ ತೊಡೆಯ ಬದಿಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದರು. ಆ ಗೆರೆಯ ಒಳಗಿನ ಭಾಗ ಕತ್ತರಿಸಿ ತೆಗೆದು ಗಟ್ಟಿ ಫೋಮ್ ಅಂಟಿಸಿದರು. ಮುಂದುಗಡೆ ಒಂದು ಇಂಚು ಎತ್ತರಿಸಿ ಇಳಿಜಾರು ಮುರಿದರು. ತೊಡೆ ತಾಗುವ ಅಂಚನ್ನು ಮಾತ್ರ ಸಣ್ಣ ಮಾಡಿದರು, ಕಾಲು ನೆಲಕ್ಕೆ ಸಿಗಬೇಕಲ್ಲ. ಮೇಲಿಂದ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರೆಗ್ಜಿನ್. ಹೊಲಿಗೆಯನ್ನು ಕೂರುವ ಜಾಗದಿಂದ ಬದಿಗೆ ಸರಿಸಿದರು. ಮೊದಲ ಸುತ್ತಿನಲ್ಲಿ ಹಲಗೆಯ ಮೇಲೆ ಕೂತ ಹಾಗೆ ಅನಿಸಿತು. ಮಾಬುಕಳ ತಿರುಗಿ ಬರುವಾಗ ಸೀಟಿನ ಯೋಚನೆಯೇ ಬರಲಿಲ್ಲ. ಸೀಟು ಅಂದರೆ ಹಾಗೇ ಇರಬೇಕು.

ಮಧ್ಯಾಹ್ನದ ಊಟದ ಮೇಲೆ ಹೆಂಡತಿಯನ್ನೂ ಕೂರಿಸಿ ಹಿಂದಿನ ಶಾಕ್ ನೋಡಿದೆ. ಇಬ್ಬರು ಕೂತಾಗ ಅದು ಒಟ್ಟು ಕುಗ್ಗಬಲ್ಲ ಅಳತೆಯ ಮೂರನೇ ಒಂದು ಪಾಲಿನಷ್ಟು ಇಳಿಯಬೇಕು. ನಮ್ಮದು ಅದಕ್ಕಿಂತ ತುಂಬಾ ಇಳಿಯುತ್ತಿತ್ತು. ಹಿಂದೆ ಕುಸಿದರೆ ಮುಂದೆ ಹೆಡ್‌ಲೈಟು ಮೇಲೆ ನೋಡುತ್ತದೆ. ರಾತ್ರಿ ಎದುರಿನವರು ನನಗೆ ಯಾಕೆ ಡಿಮ್-ಡಿಪ್ ಮಾಡುತ್ತಾರೆ ಅಂತ ಆಗ ಅರ್ಥ ಆಯಿತು. ಬೈಕಿನ ಜೊತೆ ಬಂದ ಕೊಕ್ಕೆ ಸ್ಪ್ಯಾನರಿನಿಂದ ಸ್ಪ್ರಿಂಗನ್ನು ಎರಡು ಹಲ್ಲು ಬಿಗಿ ಮಾಡಿದೆ. ಸೇತುವೆಯ ಜಾಯಿಂಟುಗಳಲ್ಲಿ ಧಡ್ ಅನ್ನುತ್ತಿದ್ದದ್ದು ಬರೀ ಟಕ್ ಅನ್ನಲು ಶುರುವಾಯಿತು.

ಕಟಕಟ ಶಬ್ದ ಸೀರೆ ಗಾರ್ಡಿನದ್ದು. ಬೋಲ್ಟಿನ ರಬ್ಬರ್ ವಾಷರ್ ಸವೆದು ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಟೂರಿಂಗ್ ಮಾಡುವ ಹುಡುಗರು ಅದನ್ನು ಬಿಚ್ಚಿ ಎಸೆಯುತ್ತಾರೆ, ಚಂದ ಕಾಣುವುದಿಲ್ಲ ಅಂತ. ನನಗೆ ಅದು ಸರಿ ಕಾಣುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮದಲ್ಲೇ ಹಿಂದಿನ ಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕು ಅಂತ ಉಂಟು. ಕಾನೂನು ಬಿಡಿ, ಚೂಡಿದಾರದ ವೇಲ್ ಚಕ್ರಕ್ಕೆ ಸುತ್ತಿಕೊಂಡರೆ ಕುತ್ತಿಗೆಗೇ ಬರುತ್ತದೆ. ಹಳೇ ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ ಎರಡೂ ಬದಿ ಕೊಟ್ಟೆ. ಶಬ್ದ ನಿಂತಿತು. ಖರ್ಚು ಸೊನ್ನೆ.

ಸೈಡ್ ಸ್ಟ್ಯಾಂಡಿನ ಪಾದಕ್ಕೆ ಅಂಗೈ ಅಗಲದ ತಗಡು ವೆಲ್ಡ್ ಮಾಡಿಸಿದ್ದೂ ಅವತ್ತೇ. ನಮ್ಮ ಕೆಂಪು ಮಣ್ಣಿನಲ್ಲಿ, ಮಳೆ ಬಂದ ಮೇಲೆ, ನಿಲ್ಲಿಸಿ ಚಾ ಕುಡಿಯುವಷ್ಟರಲ್ಲಿ ಬೈಕು ವಾಲುತ್ತಿತ್ತು. ತಗಡು ತೆಳ್ಳಗಿರಬೇಕು, ದಪ್ಪ ಆದರೆ ಬೈಕು ಜಾಸ್ತಿ ನೆಟ್ಟಗೆ ನಿಂತು ಆ ಕಡೆಗೆ ಬೀಳುತ್ತದೆ. ಮೊಬೈಲನ್ನು ಹ್ಯಾಂಡಲಿನಿಂದ ತೆಗೆದು ಟ್ಯಾಂಕ್ ಬ್ಯಾಗಿಗೆ ಹಾಕಿದೆ. ಬೈಕಿನ ನಡುಕಕ್ಕೆ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಹೇಳಿದೆ. ದಾರಿ ಹೇಳುವುದನ್ನು ಕಿವಿಯಲ್ಲಿ ಕೇಳಿದರೂ ಸಾಕು.

ಸಂಜೆ ಇಬ್ಬರೂ ಕೊನೆಯ ಸುತ್ತು ಹೊಡೆದೆವು. ಬ್ರಹ್ಮಾವರದಲ್ಲಿ ನಿಲ್ಲಿಸಿ, "ಹೇಗುಂಟು?" ಎಂದು ಕೇಳಿದೆ.

"ಸೀಟು ಅಡ್ಡಿಲ್ಲ. ಶಬ್ದವೂ ಇಲ್ಲ. ಆದ್ರೆ ಹಿಂದಿನ ಫುಟ್‌ರೆಸ್ಟು ತುಂಬಾ ಮೇಲೆ ಆಯ್ತು, ಮೊಣಗಂಟು ಮಡಚಿಯೇ ಕೂರ್ಬೇಕು. ಅದನ್ನು ಸ್ವಲ್ಪ ಕೆಳಗೆ ಮಾಡ್ಲಿಕ್ಕೆ ಆಗುವುದಿಲ್ವಾ ನಿಮಗೆ?"

ಬಗ್ಗಿ ನೋಡಿದೆ. ಬಲಗಡೆ ಸರಿಯಾಗಿ ಅದರ ಕೆಳಗೇ ಸೈಲೆನ್ಸರ್ ಇದೆ. ಎರಡು ಇಂಚು ಇಳಿಸಿದರೆ ಹಿಮ್ಮಡಿ ಬಿಸಿಗೆ ತಾಗುತ್ತದೆ. ನೇರ ಇಳಿಸುವ ಬದಲು ಹೊರಗೆ ಸರಿಸಿ ಇಳಿಸಲು ಬರುತ್ತದಾ ಅಂತ ಸೋಮವಾರ ಲೇತ್ ಅಂಗಡಿಯವರನ್ನು ಕೇಳಬೇಕು.