ಹಳೆ ಮಿಲಿಟರಿ ಟ್ರಕ್ಕಿನ ಎಂಜಿನ್ ಇಳಿಸಲೇಬೇಕಾ?

ಹಳೆ ಮಿಲಿಟರಿ ಟ್ರಕ್ ಇಟ್ಟುಕೊಂಡವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಗಾಡಿ ಸ್ಟಾರ್ಟ್ ಆಗ್ತಿಲ್ಲ, ಸ್ಟಾರ್ಟ್ ಆದ್ರೂ ಎಳೀತಿಲ್ಲ, ಎಂಜಿನ್ ಇಳಿಸಬೇಕಾ?" ನನ್ನ ಉತ್ತರವೂ ಒಂದೇ. ಇನ್ನೂ ಬೇಡ. ಮೊದಲು ಟ್ಯಾಂಕಿನಿಂದ ನಾಜಲ್‌ವರೆಗೆ ಡೀಸೆಲ್ ಹೋಗುವ ದಾರಿಯನ್ನು ಪೂರ್ತಿ ನೋಡಿ. ನಾಜಲ್ ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಚಿಮುಕಿಸುವ ಮೂತಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಮೊದಲು ಕೆಡುವುದು ಪಿಸ್ಟನ್ ಅಲ್ಲ. ರಬ್ಬರ್ ಪೈಪು, ವಾಷರ್, ಟ್ಯಾಂಕಿನ ತಳ, ವೈರುಗಳ ತುದಿ, ಇವು.

ಉದಾಹರಣೆಗೆ ಅಮೆರಿಕನ್ ಸೈನ್ಯದ ಎಂ35ಎ2 ಟ್ರಕ್ಕನ್ನು ತೆಗೆದುಕೊಳ್ಳುತ್ತೇನೆ. ಇದರಲ್ಲಿ ಸಾಮಾನ್ಯವಾಗಿ ಕಾಣುವುದು ಎಲ್‌ಡಿಟಿ-465 ಎಂಜಿನ್. ಆರು ಸಿಲಿಂಡರ್, 7.8 ಲೀಟರ್, ಟರ್ಬೊ. ಡೀಸೆಲ್ ಮಾತ್ರ ಅಲ್ಲ, ಸೀಮೆಎಣ್ಣೆ, ವಿಮಾನದ ಇಂಧನ, ಗತಿ ಇಲ್ಲದಾಗ ಪೆಟ್ರೋಲ್ ಕೂಡ ಸುಡಲಿ ಅಂತ ಮಾಡಿದ್ದು. ಬೇರೆ ಹಳೆ ಡೀಸೆಲ್ ಟ್ರಕ್ಕುಗಳಿಗೂ ನೋಡುವ ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲು ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ತೆಗೆದು ನೋಡಿ, ಮೂಸಿಯೂ ನೋಡಿ. ಆಯಿಲ್ ಮಟ್ಟ ಗುರುತಿಗಿಂತ ಮೇಲೆ ಬಂದು ಡೀಸೆಲ್ ವಾಸನೆ ಹೊಡೆಯುತ್ತಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಈ ಎಂಜಿನ್ನಿನ ಇಂಜೆಕ್ಷನ್ ಪಂಪಿಗೆ, ಅಂದರೆ ನಾಜಲ್ಲುಗಳಿಗೆ ಒತ್ತಡದಲ್ಲಿ ಡೀಸೆಲ್ ತಳ್ಳುವ ಪಂಪಿಗೆ, ಎಂಜಿನ್ ಆಯಿಲ್ಲೇ ಹೋಗುತ್ತದೆ, ಹಾಗಾಗಿ ಪಂಪಿನೊಳಗೆ ಸೀಲ್ ಸೋತರೆ ಡೀಸೆಲ್ ನೇರ ಆಯಿಲ್ ಸಂಪಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಯುತ್ತದೆ. ಆಯಿಲ್ ತೆಳ್ಳಗಾಗಿ ಬೇರಿಂಗ್ ತಿನ್ನುತ್ತದೆ. ಅಷ್ಟೇ ಅಲ್ಲ, ಆ ಮಿಶ್ರಣವನ್ನೇ ಎಂಜಿನ್ ಎಳೆದುಕೊಂಡು ಕೈ ಮೀರಿ ಓಡಲೂಬಹುದು. ಹಾಗೆ ಓಡಿದರೆ ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ, ಎಂಜಿನ್ ಗಾಳಿ ಎಳೆಯುವ ಬಾಯಿಯನ್ನೇ ಮುಚ್ಚಬೇಕು. ಅದಕ್ಕೆ ಒಂದು ದಪ್ಪ ಹಲಗೆ ಪಕ್ಕದಲ್ಲೇ ಇರಲಿ. ಕೈ ಅಡ್ಡ ಕೊಡಬೇಡಿ.

ಸೆಲ್ಫ್ (ಸ್ಟಾರ್ಟರ್ ಮೋಟರ್) ನಿಧಾನಕ್ಕೆ ತಿರುಗಿದರೆ ಡೀಸೆಲ್ ಕಡೆ ಹೋಗುವ ಮೊದಲೇ ಕರೆಂಟ್ ನೋಡಿ. 24 ವೋಲ್ಟ್ ಬರುವುದು ಸಾಲಾಗಿ ಜೋಡಿಸಿದ ಬ್ಯಾಟರಿಗಳಿಂದ, ಅದರಲ್ಲಿ ಒಂದು ಸೋತರೂ ಇಡೀ ಗಾಡಿ ಸೋಲುತ್ತದೆ. ಸೆಲ್ಫ್ ಹೊಡೆಯುವಾಗ ಪ್ರತಿ ಬ್ಯಾಟರಿಯನ್ನೂ ಬೇರೆ ಬೇರೆ ಅಳೆಯಿರಿ. ಆಮೇಲೆ ಮೀಟರಿನ ಒಂದು ಕಡ್ಡಿ ಅರ್ಥಿಂಗ್ ಕೇಬಲ್ ಕೂತ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಕೇಬಲ್ಲಿನ ತುದಿಗಳನ್ನು ಉಜ್ಜಿ. ಬಣ್ಣ, ತುಕ್ಕು ಕೂತ ಜಾಗ ಅದು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲ ಅಂದರೆ ಹೊಗೆ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಸುಡುತ್ತಿಲ್ಲ. ಕಪ್ಪು ಹೊಗೆ ಗಾಳಿ ಸಾಲದ್ದಕ್ಕೋ ಡೀಸೆಲ್ ಹೆಚ್ಚಾದದ್ದಕ್ಕೋ, ನೀಲಿ ಅಂದರೆ ಆಯಿಲ್. ಹೊಗೆ ಇಲ್ಲದ ಗಾಡಿಯಲ್ಲಿ ನಾನು ಮೊದಲು ನೋಡುವುದು ಸ್ಟಾಪ್ ಕೇಬಲ್. ನಿಂತು ನಿಂತು ಅದು ಜಾಮ್ ಆಗಿ ಪಂಪನ್ನು ಮುಚ್ಚಿಯೇ ಇಟ್ಟಿರುತ್ತದೆ.

ಜನ ಜಾಸ್ತಿ ದಾರಿ ತಪ್ಪುವುದು ಏರ್, ಅಂದರೆ ಡೀಸೆಲ್ ಪೈಪಿನೊಳಗೆ ಸೇರುವ ಗಾಳಿಯ ವಿಷಯದಲ್ಲಿ. ಎಂ35ಎ2ನಲ್ಲಿ ಟ್ಯಾಂಕಿನೊಳಗೆ ಒಂದು ಎಲೆಕ್ಟ್ರಿಕ್ ಪಂಪ್ ಇದೆ. ಸ್ವಿಚ್ ಆನ್ ಮಾಡಿ ಟ್ಯಾಂಕಿನ ಹತ್ತಿರ ಕಿವಿ ಇಟ್ಟರೆ ಗುಯ್ ಅನ್ನುತ್ತದೆ. ಅದು ಸತ್ತರೂ ಗಾಡಿ ಓಡುತ್ತದೆ, ಯಾಕೆಂದರೆ ಇಂಜೆಕ್ಷನ್ ಪಂಪಿಗೆ ತನ್ನದೇ ಒಂದು ಸಣ್ಣ ಪಂಪ್ ಇದೆ. ತೊಂದರೆ ಶುರುವಾಗುವುದೇ ಆಗ. ಟ್ಯಾಂಕ್ ಪಂಪ್ ಕೆಲಸ ಮಾಡುವಾಗ ಪೈಪಿನ ಬಿರುಕಿನಿಂದ ಡೀಸೆಲ್ ಹೊರಗೆ ಜಿನುಗುತ್ತದೆ, ಒದ್ದೆ ಕಾಣುತ್ತದೆ, ಹುಡುಕುವುದು ಸುಲಭ. ಪಂಪ್ ಸತ್ತ ಮೇಲೆ ಅದೇ ಪೈಪು ಎಳೆತದಲ್ಲಿರುತ್ತದೆ, ಅದೇ ಬಿರುಕು ಗಾಳಿ ಒಳಗೆ ಎಳೆಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆಗ ಎಷ್ಟು ಸಲ ಏರ್ ತೆಗೆದರೂ ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ಆಫ್.

ಇದನ್ನು ಪತ್ತೆ ಮಾಡಲು ಒಂದು ಡಬ್ಬಿ ಸಾಕು. ಶುದ್ಧ ಡೀಸೆಲ್ ತುಂಬಿದ ಡಬ್ಬಿಯನ್ನು ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ಹೊಸ ಪೈಪಿನಲ್ಲಿ ನೇರ ಇಂಜೆಕ್ಷನ್ ಪಂಪಿಗೆ ಕೊಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಗಾಡಿ ಗಟ್ಟಿಯಾಗಿ ಓಡಿದರೆ ತೊಂದರೆ ಇರುವುದು ಟ್ಯಾಂಕಿನಿಂದ ಫಿಲ್ಟರ್‌ವರೆಗೆ, ಪಂಪನ್ನು ಮುಟ್ಟಲೇಬೇಡಿ. ಪಂಪ್ ರಿಪೇರಿ ಅಂತ ಬಿಚ್ಚಿಸುವ ಮೊದಲು ಈ ಡಬ್ಬಿ ಕಟ್ಟಿ ನೋಡಿ ಅಂತ ನಾನು ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ.

ಸ್ವಲ್ಪ ದೂರ ಚೆನ್ನಾಗಿ ಓಡಿ, ಸೊರಗಿ, ನಿಂತು, ಒಂದಷ್ಟು ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯೂ ಇರುತ್ತದೆ. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿಕೊಂಡಿದೆ. ಇಲ್ಲದಿದ್ದರೆ ತಳದ ಕಸ ಪೈಪಿನ ಬಾಯಿಗೆ ಬಂದು ಕೂರುತ್ತಿದೆ.

ಮಿಸ್ಸಿಂಗ್ ಇದ್ದರೆ, ಅಂದರೆ ಯಾವುದೋ ಸಿಲಿಂಡರ್ ದುಡಿಯದೆ ಎಂಜಿನ್ ತಡವರಿಸುತ್ತಿದ್ದರೆ, ಎಂಜಿನ್ನನ್ನು ನಿಧಾನಕ್ಕೆ ಓಡಲು ಬಿಟ್ಟು, ನಾಜಲ್ಲಿಗೆ ಬರುವ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡುತ್ತಾ ಹೋಗಿ. ಕನ್ನಡಕ, ಗ್ಲೌಸ್ ಇರಲಿ, ಸ್ಪ್ಯಾನರ್ ಮೇಲೆ ಬಟ್ಟೆ ಸುತ್ತಿ, ಚಿಮ್ಮುವ ಕಡೆ ಕೈ ಇಡಬೇಡಿ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸಡಿಲಿಸಿದಾಗ ಎಂಜಿನ್ ಸದ್ದು ಮುಗ್ಗರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಸದ್ದು ಬದಲಾಗದಿದ್ದರೆ ಅದೇ ಸೋಮಾರಿ. ಎಂಜಿನ್ ಆಫ್ ಮಾಡಿ, ಆ ನಾಜಲ್ ತೆಗೆದು ಪಕ್ಕದ ಸಿಲಿಂಡರಿನದಕ್ಕೆ ಅದಲು ಬದಲು ಮಾಡಿ. ಮಿಸ್ಸಿಂಗ್ ಆ ನಾಜಲ್ ಜೊತೆಗೇ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ನೋಡಿ, ಅದೂ ಸರಿ ಇದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗಿನ ಒತ್ತಡ) ಅಳೆಯಿರಿ.

ಪಿಕಪ್ ಇಲ್ಲ ಅನ್ನುವವರು ಏರ್ ಫಿಲ್ಟರ್ ನೋಡಿ, ಇನ್ನೊಬ್ಬರು ಪೆಡಲ್ ಪೂರ್ತಿ ತುಳಿದಾಗ ಪಂಪಿನ ಲಿವರ್ ಕೊನೆಯವರೆಗೆ ಹೋಗುತ್ತದಾ ಅಂತಲೂ ನೋಡಿ.

ಕಂಪ್ರೆಷನ್ ನಿಜಕ್ಕೂ ಕಮ್ಮಿ ಬಂದಾಗ ಮಾತ್ರ ಬಿಚ್ಚುವ ಮಾತು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಸೋತಿದ್ದರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ತೆಳು ಹಾಳೆಯ ಮೇಲೆ. ಎಲ್‌ಡಿಟಿ-465ಕ್ಕೆ ಎರಡು ಹೆಡ್‌ಗಳಿವೆ, ಮೂರು ಮೂರು ಸಿಲಿಂಡರಿಗೆ ಒಂದೊಂದು. ಸೋತ ಕಡೆಯ ಹೆಡ್ ಒಂದನ್ನೇ ಗಾಡಿಯಲ್ಲೇ ತೆಗೆದು ನೋಡಬಹುದು. ಆಗಲೂ ಎಂಜಿನ್ ಇಳಿಸಬೇಕಾಗಿಲ್ಲ.