ಕೆಲಸ ಬಿಟ್ಟು ಹೋಗುವವನ ಲೆಕ್ಕ

ನಾಲ್ಕು ಲೇಬರ್ ಕೋಡ್‌ಗಳು, ಅಂದರೆ ಹೊಸ ಕಾರ್ಮಿಕ ಕಾನೂನುಗಳು, 2025ರ ನವೆಂಬರ್ 21ರಿಂದ ಜಾರಿ ಅಂತ ಕೇಂದ್ರ ಸರ್ಕಾರ ಹೇಳಿದ್ದೇ ತಡ, ಒಂದೇ ಪಿಡಿಎಫ್ ನನ್ನ ವಾಟ್ಸಾಪ್‌ಗೆ ಎಲ್ಲ ಕಡೆಯಿಂದ ಬರತೊಡಗಿತು. ಅದರ ಕೆಳಗೆ ಎಲ್ಲರದೂ ಒಂದೇ ಪ್ರಶ್ನೆ. "ಮೇಡಂ, ನಮಗೂ ಬರುತ್ತಾ ಇದು?"

ಬರುತ್ತೆ ಸಾರ್.

ನಾನು ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯ ಕಡೆಯ ಸಣ್ಣ ಮಾಲೀಕರಿಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಪಿಟಿ (ವೃತ್ತಿ ತೆರಿಗೆ) ಕೆಲಸ ಮಾಡಿಕೊಡುವವಳು. ಪೌಡರ್ ಕೋಟಿಂಗ್ ಯೂನಿಟ್, ಬೇಕರಿ, ಪ್ಲೇ ಹೋಮ್, ಜಾಬ್ ವರ್ಕ್ ಹೊಲಿಗೆ ಮಾಡುವ ಗಾರ್ಮೆಂಟ್ಸ್, ಇಂಥವರೇ ಜಾಸ್ತಿ. ಇವರಲ್ಲಿ ಯಾರ ಹತ್ತಿರವೂ ಎಚ್‌ಆರ್ ಅಂತ ಬೇರೆ ಇಲ್ಲ. ಯಜಮಾನರೇ ಎಚ್‌ಆರ್. ಕೆಲವು ಕಡೆ ಅವರ ಹೆಂಡತಿ.

29 ಹಳೇ ಕಾನೂನುಗಳನ್ನು ನಾಲ್ಕಕ್ಕೆ ಇಳಿಸಿದ್ದಾರೆ. ಟಿವಿಯಲ್ಲಿ ಚರ್ಚೆ ನಡೆದದ್ದು ಮುನ್ನೂರು ಜನರಿರುವ ಕಾರ್ಖಾನೆ ಮುಚ್ಚಲು ಅನುಮತಿ ಬೇಕೋ ಬೇಡವೋ ಅನ್ನುವುದರ ಮೇಲೆ. ಹನ್ನೆರಡು ಹುಡುಗರನ್ನಿಟ್ಟುಕೊಂಡವರಿಗೆ ಅದರಿಂದ ಏನಾಗಬೇಕು? ಅವರನ್ನು ಮುಟ್ಟುವ ಸಾಲು ಆ ನಾಲ್ಕರಲ್ಲೊಂದಾದ ವೇತನ ಕೋಡ್‌ನ 17ನೇ ಸೆಕ್ಷನ್‌ನಲ್ಲಿದೆ. ಒಬ್ಬ ಕೆಲಸ ಬಿಟ್ಟರೆ ಅಥವಾ ನೀವೇ ತೆಗೆದರೆ, ಅವನಿಗೆ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬುಧವಾರ ಬಿಟ್ಟರೆ ಶುಕ್ರವಾರ ಸಂಜೆಯೊಳಗೆ.

ಇದನ್ನು ಹೇಳಿದಾಗ ಪೌಡರ್ ಕೋಟಿಂಗ್ ಯಜಮಾನರು ನಕ್ಕುಬಿಟ್ಟರು.

"ಎರಡು ದಿನನಾ? ನಮ್ದು ಮುಂದಿನ ತಿಂಗಳು ಹತ್ತನೇ ತಾರೀಖು ಅಲ್ವಾ ಮೇಡಂ ಲೆಕ್ಕ? ಅವನು ಹೇಳದೆ ಕೇಳದೆ ಬಿಟ್ಟು ಹೋಗ್ತಾನೆ, ನಾನು ಓಡಿ ಹೋಗಿ ದುಡ್ಡು ಕೊಡಬೇಕಾ?"

"ಹೌದು ಸಾರ್, ಕೊಡಬೇಕು."

"ಅಡ್ವಾನ್ಸ್ ತಗೊಂಡಿದ್ದಾನಲ್ಲ?"

ಇದು ನ್ಯಾಯವಾದ ಪ್ರಶ್ನೆ. ಅಡ್ವಾನ್ಸ್ ಹಿಡಿದುಕೊಳ್ಳಬಹುದು. ಆದರೆ ಕೊಟ್ಟಿದ್ದಕ್ಕೆ ಅವನ ಸಹಿ ಇರಬೇಕು. ಒಂದು ಸಂಬಳದ ಅವಧಿಯಲ್ಲಿ ಎಲ್ಲಾ ಕಡಿತ ಸೇರಿ ವೇತನದ ಅರ್ಧ ದಾಟುವ ಹಾಗಿಲ್ಲ. ಆ ಯಜಮಾನರ ಅಡ್ವಾನ್ಸ್ ಲೆಕ್ಕ ಇದ್ದದ್ದು ಸಿಗರೇಟ್ ಪ್ಯಾಕಿನ ಒಳಬದಿಯಲ್ಲಿ. "ರವಿ 3, ಮಂಜ 5" ಅಂತ ಬರೆದಿತ್ತು. ಮೂರು ಅಂದರೆ ಮೂರು ಸಾವಿರ ಅಂತ ಅವರಿಗೆ ಗೊತ್ತು, ರವಿಗೂ ಗೊತ್ತು. ಜಗಳ ಆದ ದಿನ ರವಿಗೆ ಮರೆತು ಹೋಗುತ್ತದೆ. ಈಗ ಅವರ ಟೇಬಲ್ ಮೇಲೆ ಐವತ್ತು ರೂಪಾಯಿಯ ಒಂದು ವೋಚರ್ ಪುಸ್ತಕ ಇದೆ.

ಇನ್ನು ಕೆಲವರು ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಂಡು "ಸೆಟ್ಲ್‌ಮೆಂಟ್ ಆಮೇಲೆ ನೋಡೋಣ" ಅನ್ನುತ್ತಾರೆ. ಇದಕ್ಕೆ ಯಾವ ಕಾನೂನಿನ ಬೆಂಬಲವೂ ಇಲ್ಲ. ದಯವಿಟ್ಟು ವಾಪಸ್ ಕೊಟ್ಟುಬಿಡಿ.

ಮಾಲೀಕರೆಲ್ಲ ಹೆದರುವುದು ಲೇಬರ್ ಇನ್ಸ್‌ಪೆಕ್ಟರ್‌ಗೆ. ನನ್ನ ಟೇಬಲ್‌ಗೆ ಬಂದ ತಕರಾರುಗಳಲ್ಲಿ ಇನ್ಸ್‌ಪೆಕ್ಟರ್ ಹುಡುಕಿ ತಂದವು ಬಹಳ ಕಡಿಮೆ. ಸಿಟ್ಟಿನಲ್ಲಿ ಬಿಟ್ಟು ಹೋದವನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಒಂದು ಅರ್ಜಿ ಕೊಡುತ್ತಾನೆ. ನೋಟಿಸ್ ಬರುವುದು ಅಲ್ಲಿಂದ. ಆಮೇಲೆ ಹಾಜರಿ ಪುಸ್ತಕ ಎಲ್ಲಿ, ಓಟಿ ಲೆಕ್ಕ ಎಲ್ಲಿ ಅಂತ ಹುಡುಕಾಟ. ಈಗಿನ ಹುಡುಗರಿಗೆ ಎಲ್ಲ ಗೊತ್ತು. ಟೀ ಕುಡಿಯುತ್ತಾ ಉಮಂಗ್ ಆಪ್ ತೆಗೆದು ಪಿಎಫ್ ಪಾಸ್‌ಬುಕ್ ನೋಡುತ್ತಾರೆ. ಸಂಬಳದಲ್ಲಿ ಹಿಡಿದ ದುಡ್ಡು 15ನೇ ತಾರೀಖಿನೊಳಗೆ ಕಟ್ಟಿಲ್ಲ ಅಂದರೆ ನಿಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಇನ್ನು ಸಂಬಳದ ಚೀಟಿ. ಎಲ್ಲರಿಗೂ ತಲೆನೋವು ಇದರದ್ದೇ, ಹಾಗಾಗಿ ಒಂದು ಚೀಟಿಯನ್ನೇ ಬಿಡಿಸಿ ತೋರಿಸುತ್ತೇನೆ. ತಿಂಗಳಿಗೆ 24,000 ರೂಪಾಯಿ. ಬೇಸಿಕ್ 9,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 4,000, ಕನ್ವೇಯನ್ಸ್ (ಓಡಾಟದ ಖರ್ಚು) 2,000, ಉಳಿದ 9,000 ಸ್ಪೆಷಲ್ ಅಲೋವೆನ್ಸ್. ನಮ್ಮ ಕಡೆ ಅರ್ಧಕ್ಕರ್ಧ ಚೀಟಿಗಳು ಹೀಗೇ ಇರುತ್ತವೆ. ಬೇಸಿಕ್ ಕಮ್ಮಿ ತೋರಿಸಿದರೆ ಪಿಎಫ್ ಕಮ್ಮಿ, ಗ್ರಾಚುಯಿಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ದುಡ್ಡು) ಕಮ್ಮಿ. ಬೇರೆ ಕಾರಣ ಏನೂ ಇಲ್ಲ.

ಹೊಸ ಕೋಡ್ ಏನು ಮಾಡಿದೆ ಅಂದರೆ, ವೇತನದಿಂದ ಯಾವುದನ್ನು ಹೊರಗಿಡಬಹುದು ಅಂತ ಒಂದು ಪಟ್ಟಿ ಕೊಟ್ಟಿದೆ. ಎಚ್‌ಆರ್‌ಎ, ಕನ್ವೇಯನ್ಸ್, ಓಟಿ, ಕಮಿಷನ್, ಮಾಲೀಕರ ಪಾಲಿನ ಪಿಎಫ್, ಇಂಥವು. ಸ್ಪೆಷಲ್ ಅಲೋವೆನ್ಸ್ ಆ ಪಟ್ಟಿಯಲ್ಲಿಲ್ಲ. ಅಂದಮೇಲೆ ಅದೂ ವೇತನವೇ. ಮೇಲಿನ ಚೀಟಿಯಲ್ಲಿ ವೇತನ 9,000 ಅಲ್ಲ, 18,000.

"ಹಾಗಾದ್ರೆ ಅದನ್ನೂ ಎಚ್‌ಆರ್‌ಎ ಅಂತ ಹಾಕಿಬಿಡೋಣ" ಅಂದರು ಪ್ಲೇ ಹೋಮ್ ನಡೆಸುವ ಮೇಡಂ. ಚುರುಕಿನ ಹೆಂಗಸು. ಹಾಕಿ ನೋಡೋಣ. ಎಚ್‌ಆರ್‌ಎ 13,000 ಆಯಿತು, ಕನ್ವೇಯನ್ಸ್ ಸೇರಿ 15,000. ಹೊರಗಿಟ್ಟಿದ್ದು ಒಟ್ಟು ಸಂಬಳದ ಅರ್ಧ, ಅಂದರೆ 12,000 ದಾಟಿದರೆ, ದಾಟಿದಷ್ಟೂ ವಾಪಸ್ ವೇತನಕ್ಕೆ ಸೇರುತ್ತದೆ. 3,000 ಹಿಂದೆ ಬಂತು, ವೇತನ 12,000. ಅದಕ್ಕಿಂತ ಕೆಳಗೆ ಇಳಿಸಲು ದಾರಿ ಇಲ್ಲ. ಸುಮ್ನೆ ಹೆಸರು ಬದಲಾಯಿಸುವ ಆಟ ಬೇಡ ಅಂತ ನನ್ನ ಸಲಹೆ. ಎಲ್ಲರಿಗೂ ಒಂದೇ ರೀತಿ ಕೊಡುವ ಅಲೋವೆನ್ಸ್‌ಗೂ ಪಿಎಫ್ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿಯಾಗಿದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಪಿಎಫ್ 15,000ದ ಮಿತಿಯಲ್ಲೇ ಕಟ್ಟಬಹುದು, ಅದಕ್ಕಿಂತ ಮೇಲೆ ಕಡ್ಡಾಯವಿಲ್ಲ. 9,000ಕ್ಕೆ 12 ಪರ್ಸೆಂಟ್ 1,080 ಇತ್ತು, 15,000ಕ್ಕೆ 1,800. ತಿಂಗಳಿಗೆ 720 ರೂಪಾಯಿ ಹುಡುಗನ ಕೈಯಿಂದ, ಅಷ್ಟೇ ನಿಮ್ಮ ಕೈಯಿಂದ. ಇದನ್ನು ಮೊದಲೇ ಕೂರಿಸಿಕೊಂಡು ಹೇಳಿ. ಇಲ್ಲದಿದ್ದರೆ 7ನೇ ತಾರೀಖು ಸಂಬಳ ಬಂದಾಗ "ಯಾಕೆ ಕಮ್ಮಿ ಬಂತು" ಅಂತ ಶುರುವಾಗುತ್ತದೆ.

ಗ್ರಾಚುಯಿಟಿಯಲ್ಲಿ ಹೊಡೆತ ಇನ್ನೂ ಜಾಸ್ತಿ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುವುದು. ಐದು ವರ್ಷಕ್ಕೆ, 9,000ದ ಮೇಲೆ ಹತ್ತಿರ ಹತ್ತಿರ 26,000. 18,000ದ ಮೇಲೆ 52,000. ಇದನ್ನು ಎರಡು ದಿನದಲ್ಲಿ ಕೊಡಬೇಕಿಲ್ಲ, ಮೂವತ್ತು ದಿನ ಸಮಯವಿದೆ. ಆದರೆ ಎಲ್ಲಿಂದ ತರುತ್ತೀರಿ? ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿದ್ದರೆ ಗ್ರಾಚುಯಿಟಿಗೆ ವಿಮೆ ಮಾಡಿಸಿ ಅಂತ ನಮ್ಮ ರಾಜ್ಯ 2024ರ ಜನವರಿಯಲ್ಲೇ ನಿಯಮ ತಂದಿತ್ತು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇಕರಿಯವರದ್ದು ಬೇರೆ ಚಿಂತೆ. ಓವನ್ ನೋಡಿಕೊಳ್ಳುವ ಹುಡುಗ ಊರಿಂದ ಬಂದು ಎಷ್ಟೋ ವರ್ಷವಾಯಿತು, ಒಂದು ಕಾಗದವೂ ಇಲ್ಲ. ಈಗ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. "ಲೆಟರ್ ಕೊಟ್ರೆ ಪರ್ಮನೆಂಟ್ ಆಗಿಬಿಡ್ತಾನಲ್ಲಮ್ಮ?" ಅಂತ ಕೇಳಿದರು. ಪ್ರತಿ ತಿಂಗಳು ಅವನಿಗೆ ಫೋನ್‌ಪೇ ಮಾಡುತ್ತೀರಲ್ಲ ಅಣ್ಣ, ಅದಕ್ಕಿಂತ ಸಾಕ್ಷಿ ಬೇಕಾ? ಪತ್ರ ಇದ್ದರೆ ಕೆಲಸ ಏನು, ಸಂಬಳ ಎಷ್ಟು, ನೋಟಿಸ್ ಎಷ್ಟು ದಿನ ಅಂತ ನೀವು ಬರೆದದ್ದು ಇರುತ್ತದೆ. ಇಲ್ಲದಿದ್ದರೆ ಅವನು ಹೇಳಿದ್ದೇ ಇರುತ್ತದೆ. ಒಂದು ಅವಧಿಗೆ ಮಾತ್ರ ಬೇಕಿದ್ದರೆ ತಾರೀಖು ಹಾಕಿ ಫಿಕ್ಸೆಡ್ ಟರ್ಮ್ ಮಾಡಿ. ಅವರಿಗೆ ಗ್ರಾಚುಯಿಟಿ ಐದು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ ಬರುತ್ತದೆ ಅನ್ನುವುದು ನೆನಪಿರಲಿ.

ಹೊಲಿಗೆ ಯೂನಿಟ್‌ನವರು ಕೇಳಿದ್ದು ಮುಟ್ಟಿನ ರಜೆಯ ಬಗ್ಗೆ. ಅದೇ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. 18ರಿಂದ 52 ವಯಸ್ಸಿನವರಿಗೆ ತಿಂಗಳಿಗೊಂದು ಸಂಬಳ ಸಹಿತ ರಜೆ. ಆ ತಿಂಗಳದ್ದು ಆ ತಿಂಗಳಿಗೇ ಮುಗಿಯಿತು. "ಪ್ರೂಫ್ ಏನು ಕೇಳೋದು?" ಅಂದರು. ಏನೂ ಕೇಳುವ ಹಾಗಿಲ್ಲ, ಡಾಕ್ಟರ್ ಸರ್ಟಿಫಿಕೇಟ್ ಬೇಡ ಅಂತ ಆದೇಶದಲ್ಲೇ ಇದೆ. ದುರುಪಯೋಗ ಆಗುತ್ತೆ ಅಂತ ಅವರ ವಾದ. ಇಡೀ ದಿನ ಮೆಷಿನ್ ಮುಂದೆ ಕೂತು ಕಾಲರ್ ಹೊಲಿಯುವವರು ತಿಂಗಳಿಗೆ ಒಂದು ದಿನ ತೆಗೆದುಕೊಂಡರೆ ಯಾವ ಆರ್ಡರ್ ನಿಲ್ಲುತ್ತದೆ ಅಂತ ನನಗಂತೂ ಅರ್ಥವಾಗಿಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಕಾಲಂ ಹಾಕಿಸಿದ್ದೇನೆ.

ಕೊನೆಗೆ ಪಿಟಿ. ತಿಂಗಳಿಗೆ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ 200 ಹಿಡಿಯುತ್ತೀರಿ. 2025ರ ಏಪ್ರಿಲ್‌ನಿಂದ ಫೆಬ್ರವರಿ ಒಂದು ತಿಂಗಳು ಮಾತ್ರ 300. ಎಕ್ಸೆಲ್‌ನಲ್ಲಿ 200 ಅಂತ ಫಿಕ್ಸ್ ಮಾಡಿಟ್ಟವರು ಈಗಲೇ ತಿದ್ದಿಕೊಳ್ಳಿ. ಫೆಬ್ರವರಿ ಕೊನೆಗೆ ಬಿಟ್ಟು ಹೋಗುವವನ ಸೆಟ್ಲ್‌ಮೆಂಟ್‌ನಲ್ಲೂ 300 ಹಿಡಿಯಬೇಕು. ಅವನು ಹೋದಮೇಲೆ ಉಳಿದ ನೂರು ರೂಪಾಯಿ ಕೇಳಲು ನೀವಂತೂ ಫೋನ್ ಮಾಡುವುದಿಲ್ಲ.