ಹೆಬ್ಬೆರಳು, ಹಾಸಿಗೆ, ಕುದುರೆಮರಿ

14 ಜುಲೈ 2024, ಭಾನುವಾರ

ಹೇಡಿಯನ್ನು ಹೀಗಳೆಯಲು ಇಂಗ್ಲಿಷಿನಲ್ಲಿ ‘ಪೋಲ್ಟ್ರೂನ್’ ಎಂಬ ಹಳೆಯ ಪದವೊಂದಿದೆ. ಶೇಕ್ಸ್‌ಪಿಯರನ ‘ಆರನೇ ಹೆನ್ರಿ’ ನಾಟಕದ ಮೂರನೇ ಭಾಗದಲ್ಲಿ, ಸಿಂಹಾಸನವೇರಿ ಕುಳಿತ ಯಾರ್ಕಿನ ಡ್ಯೂಕನನ್ನು ಕಂಡು ಕೆರಳಿದ ಕ್ಲಿಫರ್ಡ್ ಬಳಸುವ ಬೈಗುಳ ಇದೇ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಈ ಪದಕ್ಕೆ ಮೂರು ಮೂಲಗಳನ್ನು ಕೊಟ್ಟು, ಯಾವುದು ಸರಿಯೆಂದು ತೀರ್ಪು ಹೇಳದೆ ಬಿಟ್ಟಿರುವುದನ್ನು ಇಂದು ಓದಿದೆ.

ಮೊದಲನೆಯದು 17ನೇ ಶತಮಾನದ ಫ್ರೆಂಚ್ ವಿದ್ವಾಂಸ ಸೋಮೇಜ್ ಹೇಳಿದ್ದು: ಹೆಬ್ಬೆರಳು ಕತ್ತರಿಸಿದ ಸ್ಥಿತಿಯನ್ನು ಸೂಚಿಸುವ ‘ಪೊಲ್ಲಿಕೆ ಟ್ರುಂಕಾಟೊ’ ಎಂಬ ಲ್ಯಾಟಿನ್ ಮಾತೇ ಸವೆದು ಈ ರೂಪ ತಾಳಿತು. ಕತ್ತಿ ಹಿಡಿಯಲಾರದ ಕೈಯನ್ನು ಸೈನ್ಯ ಒಲ್ಲದು ಎಂಬ ಲೆಕ್ಕಾಚಾರ ರೋಮಿನಲ್ಲಿ ನಿಜವಾಗಿಯೂ ಇತ್ತು. ಸೈನ್ಯಸೇವೆ ತಪ್ಪಿಸಲೆಂದು ತನ್ನ ಇಬ್ಬರು ಎಳೆಯ ಮಕ್ಕಳ ಹೆಬ್ಬೆರಳುಗಳನ್ನೇ ಕತ್ತರಿಸಿದ ಒಬ್ಬ ಶ್ರೀಮಂತನನ್ನು ಚಕ್ರವರ್ತಿ ಆಗಸ್ಟಸ್ ಆಸ್ತಿಸಮೇತ ಹರಾಜಿಗಿಟ್ಟನೆಂದೂ, ತೆರಿಗೆ ಗುತ್ತಿಗೆದಾರರು ಅವನನ್ನು ಕೊಳ್ಳಲು ಮುಂದಾದಾಗ ಗುಲಾಮಗಿರಿಯಿಂದ ಬಿಡುಗಡೆಗೊಂಡಿದ್ದ ತನ್ನದೇ ಸೇವಕನೊಬ್ಬನಿಗೆ ಒಪ್ಪಿಸಿ ಹಳ್ಳಿಗೆ ಅಟ್ಟಿದನೆಂದೂ ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. 381ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹೊರಡಿಸಿದ ಶಾಸನವಂತೂ ಶುದ್ಧ ವ್ಯಾಪಾರಿಯ ಮಾತು: ಸೈನ್ಯಕ್ಕೆ ಆಳು ಒದಗಿಸಬೇಕಾದವರು ಒಬ್ಬ ಗಟ್ಟಿಮುಟ್ಟಾದ ಯೋಧನ ಬದಲಿಗೆ ಬೆರಳಿಲ್ಲದ ಇಬ್ಬರನ್ನು ಕೊಡಬೇಕು.

ಆದರೆ ಇವೆಲ್ಲ ಬೆರಳು ಕತ್ತರಿಸಿಕೊಳ್ಳುತ್ತಿದ್ದುದಕ್ಕೆ ಸಾಕ್ಷ್ಯವೇ ಹೊರತು ಪದದ ಹುಟ್ಟಿಗಲ್ಲ. 4ನೇ ಶತಮಾನದ ಇತಿಹಾಸಕಾರ ಅಮ್ಮಿಯಾನಸ್ ಇಂಥವರಿಗೆ ಇದ್ದ ಹೆಸರನ್ನೇ ದಾಖಲಿಸಿದ್ದಾನೆ, ಅದು ‘ಮುರ್ಕಸ್’. ‘ಪೋಲ್ಟ್ರೂನ್’ಗೂ ಅದಕ್ಕೂ ಧ್ವನಿಯಲ್ಲಿ ಯಾವ ನಂಟೂ ಇಲ್ಲ. ಸೋಮೇಜನ ಕಥೆ ಇಷ್ಟು ಕಾಲ ಬಾಳಿದ್ದು ಅದು ಕಥೆಯಾಗಿ ಸೊಗಸಾಗಿದ್ದುದರಿಂದ ಎಂದೇ ನನ್ನ ಅನಿಸಿಕೆ.

ಜಾನ್ಸನ್ ಕೊಟ್ಟ ಉಳಿದೆರಡೂ ಇಟಲಿಯ ‘ಪೊಲ್ಟ್ರೊ’ ಪದದಿಂದ ಹೊರಡುತ್ತವೆ. ಅದರ ಅರ್ಥ ಹಾಸಿಗೆ ಎಂದವನು ಇನ್ನೊಬ್ಬ ಫ್ರೆಂಚ್ ವಿದ್ವಾಂಸ ಮೆನಾಜ್. ಕಾಯಿಲೆಯ ನೆಪ ಹೂಡಿ ಮಲಗುವವನೇ ಹೇಡಿ ಎಂಬುದು ಅವನ ವಿವರಣೆ. ಪಳಗಿಸದ ಕುದುರೆಮರಿ ಎಂಬುದು ಇತರರ ಮತ. ಇಂಗ್ಲಿಷಿಗೆ ಪದ ಬಂದದ್ದು 16ನೇ ಶತಮಾನದಲ್ಲಿ, ಇಟಲಿಯ ‘ಪೊಲ್ಟ್ರೋನೆ’ಯಿಂದ ಫ್ರೆಂಚಿನ ಮೂಲಕ. ಪ್ರಾಣಿಯ ಮರಿಗೆ ಲ್ಯಾಟಿನಿನಲ್ಲಿದ್ದ ‘ಪುಲ್ಲುಸ್’ ಪದದೊಂದಿಗೆ ಕೊಂಡಿ ಕೂಡುವುದರಿಂದ ಇಂದಿನ ನಿಘಂಟುಕಾರರು ಹೆಚ್ಚಾಗಿ ಕುದುರೆಮರಿಯತ್ತ ವಾಲುತ್ತಾರೆ. ಅರ್ಥದ ದೃಷ್ಟಿಯಿಂದ ನನಗೆ ಹಾಸಿಗೆಯ ವಾದವೂ ಪೂರ್ತಿ ತಳ್ಳಿಹಾಕುವಂಥದ್ದೆನಿಸಲಿಲ್ಲ. ಇಟಾಲಿಯನ್ನಿನಲ್ಲಿ ಇಂದಿಗೂ ‘ಪೊಲ್ಟ್ರಿರೆ’ ಎಂದರೆ ಹಾಸಿಗೆಯಲ್ಲಿ ಹೊರಳಾಡುತ್ತ ಕಾಲ ಕಳೆಯುವುದು, ‘ಪೊಲ್ಟ್ರೋನಾ’ ಎಂದರೆ ಆರಾಮಕುರ್ಚಿ, ‘ಪೊಲ್ಟ್ರೋನೆ’ ಎಂದರೆ ಹೇಡಿಗಿಂತ ಹೆಚ್ಚಾಗಿ ಮೈಗಳ್ಳ.